ಒಂದು ಮುಖಕ್ಕೆ ನಾಲ್ಕು ವಿಭಾಗ

ಅರಸೀಕೆರೆಯಲ್ಲಿ ತೆಂಗಿನಕಾಯಿ ಬಿಟ್ಟು ಬೇರೆ ಯಾವುದರ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದರೂ ಜನ ಅನುಮಾನದಿಂದ ನೋಡುತ್ತಾರೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತ, ರಜೆ ಸಿಕ್ಕಾಗಲೆಲ್ಲ ಹಳೇಬೀಡಿನ ಬಸ್ಸು ಹತ್ತಿ, ಕಲ್ಲುಹೂವಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಹಳೆಯ ಬಂಡೆ, ಗೋಡೆ, ಮರದ ತೊಗಟೆಗಳ ಮೇಲೆ ಬೂದಿ ಬಣ್ಣದ, ಹಳದಿ ಬಣ್ಣದ ಮಚ್ಚೆಗಳು ಕಾಣುತ್ತವಲ್ಲ, ಅದೇ ಕಲ್ಲುಹೂವು. ಪಾಚಿಯೂ ಬೂಷ್ಟೂ ಸೇರಿ ಸಂಸಾರ ಹೂಡಿದರೆ ಆಗುವಂಥದ್ದು. ಅದರ ಒಂದು ಜಾತಿಯನ್ನು ಒಣಗಿಸಿ ಮಸಾಲೆಗೆ ಹಾಕುತ್ತಾರಾದ್ದರಿಂದ, ನಾನು ಸಾರಿನ ಪುಡಿಯ ಮೇಲೆ ಡಾಕ್ಟರೇಟ್ ಮಾಡುತ್ತಿದ್ದೇನೆ ಎಂದೇ ನಮ್ಮ ಬಂಧುಗಳೆಲ್ಲ ತಿಳಿದಿದ್ದರು. ನಮ್ಮದು ಕೊಬ್ಬರಿ ಮಂಡಿಯ ಮನೆತನ. "ಅಡುಗೆ ಸಾಮಾನಿನ ವಿಚಾರ ಆದ್ರೆ ನಮ್ ಮಂಡೀಲೇ ಕೂತ್ಕೊಂಡು ಓದಬಹುದಾಗಿತ್ತಲ್ಲೇ, ಬಸ್ ಚಾರ್ಜ್ ಯಾಕೆ ದಂಡ" ಎಂದು ನನ್ನ ಚಿಕ್ಕಪ್ಪ ಕೇಳಿದ್ದರು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಹಳೇಬೀಡಿನಿಂದ ಹುಲಿಕೆರೆಯ ಕಡೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಒಂದು ಸಣ್ಣ ಊರಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಯಾರಾದರೂ ಹೋಗಿ ತೊಳೆದಾರು. ಊರಾಚೆ ತೋಟದ ಅಂಚಿನಲ್ಲಿ ಹೊಯ್ಸಳರ ಕಾಲದ ಒಂದು ಪುಟ್ಟ ಗುಡಿ. ಸರ್ಕಾರದ ಯಾವ ಪಟ್ಟಿಯಲ್ಲೂ ಅದು ಇಲ್ಲದ್ದರಿಂದ ತಂತಿಬೇಲಿ, ಟಿಕೆಟ್ಟು, ಗೈಡು ಯಾವುದೂ ಇರಲಿಲ್ಲ. ಹೊರಗೋಡೆಯ ಮೇಲೆ ಮೊಣಕಾಲೆತ್ತರದ ಒಬ್ಬಳು ಹೆಂಗಸು ನಿಂತಿದ್ದಳು, ಬಳಪದ ಕಲ್ಲಿನವಳು. ಅವಳ ಹಣೆಯಿಂದ ಮೂಗಿನ ಮೇಲೆ ಹಾದು ಎಡಗೆನ್ನೆಯವರೆಗೆ ಹರಡಿಕೊಂಡಿದ್ದದ್ದೇ ನನ್ನ ಕಲ್ಲುಹೂವು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ನಾನು ಹೋಗಿ, ಆ ಮುಖದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಚ್ಚೆಯ ಅಂಚನ್ನು ಪೆನ್ನಿನಲ್ಲಿ ತಿದ್ದಿಕೊಂಡು ಬರುತ್ತಿದ್ದೆ. ವರ್ಷಕ್ಕೆ ಒಂದು ಸಾಸಿವೆ ಕಾಳಿನಷ್ಟು ಬೆಳೆದರೆ ಅದೇ ಹೆಚ್ಚು. ಅದು ಕಲ್ಲನ್ನು ತಿನ್ನುತ್ತದೋ ಕಾಯುತ್ತದೋ ಎನ್ನುವುದು ನನ್ನ ಪ್ರಶ್ನೆ. ಉತ್ತರ ಸಿಗಬೇಕಾದರೆ ಒಂದೇ ಮಚ್ಚೆಯನ್ನು ಬಿಡದೆ ವರ್ಷಗಟ್ಟಲೆ ನೋಡಬೇಕು ಎಂದು ಮೈಸೂರಿನಲ್ಲಿದ್ದ ನನ್ನ ಗೈಡು ಹೇಳಿದ್ದರು. ಹೇಳುವುದಕ್ಕೇನು, ಅವರು ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು.

ಹಾಗೆ ನೋಡಿ ನೋಡಿ ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಕೊನೆಯ ಒಂದು ಮಳೆಗಾಲ, ಕೊನೆಯ ಒಂದು ಹಾಳೆ ಬಾಕಿ. ಅದಾದರೆ ನಾನು ಡಾಕ್ಟರು, ಆಗದಿದ್ದರೆ ಅಷ್ಟೂ ವರ್ಷ ಗೋಡೆ ನೋಡಿದ ಹೆಂಗಸು. ಅಂಥ ಹೊತ್ತಿನಲ್ಲಿ ನಮ್ಮ ಕಾಲೇಜಿಗೆ ಪ್ರಾಜೆಕ್ಟು ಬಂತು.

ಪ್ರಾಜೆಕ್ಟಿನ ಯಜಮಾನರು ಚರಿತ್ರೆ ವಿಭಾಗದ ಮುಖ್ಯಸ್ಥರು. ಶಿಲ್ಪಕಲೆಯ ಪಂಡಿತರು, ಬೇಸಿಗೆಯಲ್ಲೂ ಕೋಟು ಹಾಕುತ್ತಿದ್ದರು. ದೆಹಲಿಯಲ್ಲಿ ಆಗ ಒಂದೇ ವಿಭಾಗದವರು ಒಬ್ಬೊಬ್ಬರೇ ಯೋಚನೆ ಮಾಡುವುದನ್ನು ಕೀಳಾಗಿ ಕಾಣತೊಡಗಿದ್ದರಂತೆ. ನಾಲ್ಕು ವಿಭಾಗದವರು ಒಟ್ಟಿಗೆ ಕೂತು ಗೊಂದಲ ಮಾಡಿಕೊಂಡರೆ ಅದಕ್ಕೆ ಅನುದಾನ. ಆದ್ದರಿಂದ ಅವರು ಜೀವಶಾಸ್ತ್ರಕ್ಕೆ ನನ್ನನ್ನು, ಅರ್ಥಶಾಸ್ತ್ರಕ್ಕೆ ನಮ್ಮ ಒಬ್ಬ ಸಹೋದ್ಯೋಗಿಯನ್ನು, ಶಾಸನಗಳನ್ನು ಕಂಪ್ಯೂಟರಿಗೆ ಏರಿಸುವುದಕ್ಕೆ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಮೇಷ್ಟರನ್ನು ಸೇರಿಸಿಕೊಂಡರು. ನಾಲ್ಕು ಜನಕ್ಕೂ ಒಂದೇ ಗುಡಿ. ನಾನು ಸುಮ್ಮನೆ ನನ್ನ ಪಾಡಿಗೆ ನೋಡಿಕೊಂಡು ಬರುತ್ತಿದ್ದ ಗುಡಿಗೆ ಈಗ ಜೀಪು ಬರತೊಡಗಿತು.

ಕೋಟಿನ ಪಂಡಿತರಿಗೆ ಆ ಹೆಂಗಸಿನ ಮುಗುಳ್ನಗೆ ಪ್ರಾಣವಾಗಿತ್ತು. ತುಟಿಯ ಎಡ ಕೊನೆಯಲ್ಲಿ ಸಣ್ಣಗೆ ಮೇಲಕ್ಕೆ ಹೋಗುವ ಒಂದು ಗೆರೆ. ಬೇಲೂರಿನ ಯಾವ ಮದನಿಕೆಗೂ ಇಲ್ಲದ ನಗೆ ಎಂದು ಅವರು ಒಂದು ದೊಡ್ಡ ಲೇಖನ ಬರೆದು ಅಚ್ಚು ಹಾಕಿಸಿದ್ದರು. ಅದರಲ್ಲಿ ಆ ನಗೆಗೆ ವಿರಹ, ವ್ಯಂಗ್ಯ, ವೈರಾಗ್ಯ ಮೂರನ್ನೂ ಒಟ್ಟಿಗೆ ಕೊಟ್ಟಿದ್ದರು. ಅವರಿಗಿದ್ದ ಒಂದೇ ಬೇಸರ ನಾನು. "ನಿಮ್ಮ ಪಾಚಿ ಅವಳ ಮೂಗನ್ನೇ ಮುಚ್ಚಿಬಿಟ್ಟಿದೆ ನೋಡಿ" ಎನ್ನುತ್ತಿದ್ದರು, ನಾನೇ ತಂದು ಅಂಟಿಸಿದ ಹಾಗೆ. "ನಿಮ್ಮ ಶಿಲ್ಪ ನನ್ನ ಕಲ್ಲುಹೂವಿಗೆ ಬರೀ ನೆಲ ಸಾರ್" ಎಂದು ನಾನೂ ಹೇಳುತ್ತಿದ್ದೆ. ಅದಕ್ಕೆ ಅವರು ಮೂರು ದಿನ ಮಾತು ಬಿಟ್ಟಿದ್ದೂ ಉಂಟು, ಆ ದಿನಗಳಲ್ಲಿ ನನ್ನ ಕೆಲಸ ಚೆನ್ನಾಗಿ ಸಾಗುತ್ತಿತ್ತು.

ಅರ್ಥಶಾಸ್ತ್ರದವರದು ಇನ್ನೊಂದು ಥರ. ಗುಡಿಯ ಬೆಲೆ ಎಷ್ಟೆಂದು ಜನರನ್ನೇ ಕೇಳಿ ಕಂಡುಹಿಡಿಯಬೇಕೆಂಬ ಹೊಸ ವಿದ್ಯೆಯನ್ನು ಅವರು ಯಾವುದೋ ಶಿಬಿರದಲ್ಲಿ ಕಲಿತು ಬಂದಿದ್ದರು. ಗುಡಿಯ ಬೀಗದ ಕೈ ಇಟ್ಟುಕೊಂಡಿದ್ದ ಒಬ್ಬ ಮುದುಕಿ ಇದ್ದಳು, ಊರ ಹೆಂಗಸರಿಗೆಲ್ಲ ಅವಳ ಮಾತೇ ಕೊನೆಯ ಮಾತು. ಅವಳ ಮುಂದೆ ಕೂತು ಇವರು, "ಈ ಗುಡಿ ನಾಳೆ ಇಲ್ಲದೆ ಹೋದರೆ ನಿಮಗೆ ಏನು ನಷ್ಟ?" ಎಂದು ಕೇಳಿದರು.

"ಗುಡಿ ಇಲ್ದಿದ್ರೆ ನಮ್ ಗಂಡಸ್ರು ಇಸ್ಪೀಟ್ ಆಡಕೆ ಎಲ್ಲಿಗ್ ಹೋಗ್ಬೇಕು ಸ್ವಾಮಿ" ಎಂದಳು ಮುದುಕಿ.

ಇವರು ಅದನ್ನು ಗಂಭೀರವಾಗಿ 'ಸಾಮಾಜಿಕ ಪ್ರಯೋಜನ' ಎಂಬ ತಲೆಬರಹದ ಕೆಳಗೆ ಬರೆದುಕೊಂಡರು.

ಇನ್ನು ಕಂಪ್ಯೂಟರ್ ಮೇಷ್ಟರು. ಆ ಕಾಲದಲ್ಲಿ ಕಂಪ್ಯೂಟರ್ ಕೋಣೆಯೊಳಕ್ಕೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕಿತ್ತು. ಗುಡಿಯೊಳಕ್ಕೆ ಚಪ್ಪಲಿ ಹಾಕಿಕೊಂಡೇ ನುಗ್ಗುತ್ತಿದ್ದ ನಮ್ಮ ಪಂಡಿತರು ಅಲ್ಲಿ ಮಾತ್ರ ಬರಿಗಾಲಿನಲ್ಲಿ, ಕಾಲ್ಚೀಲದ ತೂತು ಕಾಣುವ ಹಾಗೆ ನಿಂತಿರುತ್ತಿದ್ದರು. ಮೇಷ್ಟರು ಗುಡಿಯ ಮುಂದಿನ ಶಾಸನವನ್ನೂ, ಗೋಡೆಯ ಎಲ್ಲ ಚಿತ್ರಗಳನ್ನೂ ಸ್ಕ್ಯಾನ್ ಮಾಡಿ ಸಿ.ಡಿ.ಗೆ ಹಾಕುತ್ತಿದ್ದರು. ಒಂದು ದಿನ ನನ್ನ ಪ್ಲಾಸ್ಟಿಕ್ ಹಾಳೆಯೊಂದನ್ನು ಕೇಳಿ ತೆಗೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕರೆದು ಪರದೆ ತೋರಿಸಿದರು. ಪರದೆಯ ಮೇಲೆ ಏನೂ ಇರಲಿಲ್ಲ.

"ಎಷ್ಟು ಕ್ಲೀನಾಗಿದೆ ನೋಡಿ ಮೇಡಂ. ತುಂಬಾ ಕಲೆ ಇತ್ತು, ಸಾಫ್ಟ್‌ವೇರ್ ತಾನೇ ಎಲ್ಲ ತೆಗೆದುಬಿಡುತ್ತೆ."

ಕಲೆಯೇ ನನ್ನ ಪ್ರಬಂಧ ಎಂದು ಅವರಿಗೆ ವಿವರಿಸುವ ತಾಳ್ಮೆ ಅವತ್ತು ನನಗಿರಲಿಲ್ಲ. ಹಾಳೆ ಕಿತ್ತುಕೊಂಡು ಬಂದೆ, ಎಲ್ಲ ಹಾಳೆಗಳನ್ನೂ ಮನೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಅಪಾಯ ಬರುವುದಾದರೆ ಏಸಿ ಹಾಕಿದ ಆ ಕಂಪ್ಯೂಟರ್ ಕೋಣೆಯ ಕಡೆಯಿಂದಲೇ ಎಂದು ಗಟ್ಟಿಯಾಗಿ ನಂಬಿದ್ದೆ.

ಇಲ್ಲಿ ಮುದುಕಿಯ ವಿಷಯಕ್ಕೆ ಬರಬೇಕು. ನಾನು ಮೊದಲ ಸಲ ಆ ಗುಡಿಗೆ ಹೋದಾಗಲೇ ಅವಳು ನನ್ನನ್ನು ತಡೆದಿದ್ದಳು. "ಹತ್ರ ಹೋಗ್ಬ್ಯಾಡಿ ಮೇಡಮ್ಮೋರೆ, ಅವಳಿಗೆ ಅಮ್ಮ ಆಗೈತೆ" ಎಂದಿದ್ದಳು. ಸಿಡುಬಿನಲ್ಲಿ ಮುಖದ ತುಂಬ ಗುಳ್ಳೆ ಎದ್ದ ಹಾಗೆ ಆ ಕಲ್ಲಿನ ಹೆಂಗಸಿನ ಮುಖದಲ್ಲಿ ಮಚ್ಚೆ ಇತ್ತಲ್ಲ, ಹೀಗಾಗಿ ಊರವರ ಲೆಕ್ಕದಲ್ಲಿ ಅವಳಿಗೆ ಅಮ್ಮ ಆಗಿತ್ತು. ಅಮ್ಮ ಆದವರಿಗೆ ಸ್ನಾನ ಮಾಡಿಸುವ ಹಾಗಿಲ್ಲ, ಮೈ ಉಜ್ಜುವ ಹಾಗಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ. ನನ್ನ ಚಿಕ್ಕಂದಿನಲ್ಲಿ ನನಗೆ ಆದಾಗ ನಮ್ಮವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಬಾಚಣಿಗೆಯನ್ನು ಕೂಡ ಬಚ್ಚಿಟ್ಟಿದ್ದಳು. ಈ ಊರಿನಲ್ಲೂ ಅದೇ ಮರ್ಯಾದೆ. ಕೈ ಸೋಕಿಸದೆ ಹಾಳೆ ಮಾತ್ರ ಹೊದಿಸುತ್ತೇನೆಂದು ಮಾತು ಕೊಟ್ಟ ಮೇಲೆಯೇ ನನ್ನನ್ನು ಹತ್ತಿರ ಬಿಟ್ಟಿದ್ದರು. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಹೆಂಗಸರೆಲ್ಲ ಸೇರಿ ಗುಡಿ ತೊಳೆಯುತ್ತಿದ್ದರು, ಅವಳೊಬ್ಬಳನ್ನು ಮಾತ್ರ ಬಿಟ್ಟು. ಮಂಗಳವಾರ, ಶುಕ್ರವಾರ ಅವಳ ಮುಖಕ್ಕೆ ಬೇವು ಹಾಕಿದ ಅರಿಶಿನದ ನೀರು ಚಿಮುಕಿಸಿ, ಕಾಲ ಬುಡದಲ್ಲಿ ಮೊಸರನ್ನ ಇಟ್ಟು ಹೋಗುತ್ತಿದ್ದರು.

ಮೊಸರನ್ನಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಅರಿಶಿನದ ನೀರು ಬಿದ್ದ ಕಡೆ ನನ್ನ ಮಚ್ಚೆಯ ಅಂಚು ಒಣಗತೊಡಗಿತ್ತು. ಅಲ್ಲದೆ ನಾನು ವಿಜ್ಞಾನದವಳು. ಕಣ್ಣೆದುರಿಗೇ ಹೀಗೆ ಮೂಢನಂಬಿಕೆ ನಡೆಯುತ್ತಿದ್ದರೆ ಸುಮ್ಮನಿರಲು ನನ್ನ ಬಿ.ಎಡ್. ಬಿಡಲಿಲ್ಲ. ಭೂತಗನ್ನಡಿ ತೆಗೆದುಕೊಂಡು ಹೋಗಿ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ತೋರಿಸಿದೆ. ಇದು ಅಮ್ಮನೂ ಅಲ್ಲ, ಕಾಯಿಲೆಯೂ ಅಲ್ಲ, ಬಾವಿಕಟ್ಟೆಯ ಮೇಲೆ ಪಾಚಿ ಬೆಳೆಯುವುದಿಲ್ಲವೇ, ಅದರ ನೆಂಟರ ಪೈಕಿ ಎಂದೆ. ಎಲ್ಲರೂ ಮುದುಕಿಯ ಮುಖ ನೋಡಿದರು. ಮುದುಕಿ ಸುಲಭಕ್ಕೆ ಒಪ್ಪುವವಳಲ್ಲ. ವಾರಗಟ್ಟಲೆ ವಾದ ಮಾಡಿದಳು. ಕಲ್ಲಿಗೆ ಹ್ಯಾಗೆ ಅಮ್ಮ ಆಗುತ್ತದೆ ಎಂದು ನಾನು ಕೇಳಿದರೆ, ಕಲ್ಲು ದೇವರಾಗುತ್ತದೆ ಅಂದಮೇಲೆ ಅಮ್ಮ ಆಗುವುದೇನು ಹೆಚ್ಚು ಎಂದು ಅವಳು ಕೇಳಿದಳು. ಕೊನೆಗೊಂದು ದಿನ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಹೌದು ಕಣ್ರವ್ವ, ಇದು ಬೆಳೆಯೋ ಪದಾರ್ಥನೇ. ಓದಿರೋರು ಸುಳ್ ಹೇಳ್ತಾರಾ" ಎಂದಳು. ಅರಿಶಿನದ ನೀರು ನಿಂತಿತು. ಸ್ಟಾಫ್ ರೂಮಿನಲ್ಲಿ ನಾನು ಒಂದು ವಾರ ಇದನ್ನೇ ಹೇಳಿಕೊಂಡು ಓಡಾಡಿದೆ. ಪ್ರಾಜೆಕ್ಟಿನ ಮಧ್ಯಂತರ ವರದಿಯಲ್ಲಿ 'ಜನಜಾಗೃತಿ' ಎಂಬ ಭಾಗ ಬರೆದವಳು ನಾನೇ. ದೆಹಲಿಯವರು ಅದನ್ನು ಬಹಳ ಮೆಚ್ಚಿದರಂತೆ.

ಮೆಚ್ಚಿದ್ದರಿಂದಲೇ ನೋಡಲು ಬರುತ್ತೇವೆಂದರು. ಬೆಳಿಗ್ಗೆ ಹಳೇಬೀಡು, ಮಧ್ಯಾಹ್ನಕ್ಕೆ ಮುಂಚೆ ನಮ್ಮ ಗುಡಿ, ಸಂಜೆ ಬೇಲೂರು. ಮಳೆಗಾಲ ಆಗಷ್ಟೇ ಮುಗಿದಿತ್ತು. ನನ್ನ ಕೊನೆಯ ಹಾಳೆಯನ್ನೂ ಅವತ್ತೇ ಬರೆದುಕೊಳ್ಳೋಣ, ದೆಹಲಿಯವರ ಮುಂದೆಯೇ ಬರೆದರೆ ಇನ್ನೂ ಚೆಂದ ಎಂದು ನಾನು ತಡೆದುಕೊಂಡಿದ್ದೆ. ಹೊಸ ಪೆನ್ನು ಕೊಂಡಿದ್ದೆ. ಹತ್ತಿ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದೆ.

ನಾವು ನಾಲ್ವರೂ ಜೀಪಿನಲ್ಲಿ ಹೋಗಿ ಇಳಿದಾಗ ಊರ ಬಾಗಿಲಿಗೇ ಮಾವಿನ ತೋರಣ ಕಟ್ಟಿದ್ದರು. ಗುಡಿಯ ಮುಂದೆ ಸೆಗಣಿ ಸಾರಿಸಿ ದೊಡ್ಡ ರಂಗೋಲಿ. ಪಂಚಾಯ್ತಿಯವರು ಎಳನೀರು ಗುಡ್ಡೆ ಹಾಕಿಸಿದ್ದರು. ಗುಡಿಯೇ ಬೇರೆ ಥರ ಕಾಣುತ್ತಿತ್ತು. ಏನೆಂದು ಮೊದಲು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು, ಗೋಡೆ ಮಿಂಚುತ್ತಿದೆ. ಮೂಲೆಯಲ್ಲಿ ತೆಂಗಿನ ನಾರಿನ ಉಂಡೆಗಳು, ಹಿಂಡಿ ಎಸೆದ ಹುಣಸೆಹಣ್ಣಿನ ಚರಟ. ಹಿತ್ತಾಳೆ ದೀಪ ಬೆಳಗುವ ಹಾಗೆ ಇಡೀ ಗುಡಿಯನ್ನು ಬೆಳಗಿಬಿಟ್ಟಿದ್ದರು.

ನಾನು ಓಡಿದೆ. ಅವಳ ಮುಖ ತೊಳೆದ ಬಟ್ಟಲಿನಂತಿತ್ತು. ಮಚ್ಚೆ ಇಲ್ಲ. ಒಂದು ಚುಕ್ಕೆಯೂ ಇಲ್ಲ. ಹಾಳೆ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಜಗಲಿಯ ಮೇಲೆ ಕೂತೆ. ಅಳು ಬಂತು, ಅತ್ತೆ. ಗಂಜಿ ಹಾಕಿದ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರೆ ಚುಚ್ಚುತ್ತದೆ.

ನನ್ನ ಹಿಂದೆ ಬಂದ ಪಂಡಿತರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಹತ್ತಿರ ಹೋಗಿ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಅವಳಿಗೆ ಮೂಗೇ ಇರಲಿಲ್ಲ. ಎಷ್ಟು ಕಾಲದ ಹಿಂದೆ ಮುರಿದಿತ್ತೋ, ಆ ತಗ್ಗಿನ ಮೇಲೆ ಕಲ್ಲುಹೂವು ದಪ್ಪಗೆ ಬೆಳೆದು ಮೂಗಿನ ಹಾಗೆ ಕಾಣುತ್ತಿತ್ತು ಅಷ್ಟೆ. ತುಟಿಯೂ ಸವೆದು ನೆಟ್ಟಗೆ ಒಂದು ಗೆರೆಯಾಗಿ ಉಳಿದಿತ್ತು. ಎಡಗಡೆ ಮೇಲಕ್ಕೆ ಹೋಗುತ್ತಿದ್ದ ಆ ಸಣ್ಣ ತಿರುವು, ವಿರಹ ವ್ಯಂಗ್ಯ ವೈರಾಗ್ಯಗಳು ಮೂರೂ ಸೇರಿದ್ದ ಆ ಮುಗುಳ್ನಗೆ, ನನ್ನ ಮಚ್ಚೆಯ ಅಂಚಾಗಿತ್ತು. ಹುಣಸೆಹಣ್ಣಿನ ಜೊತೆ ಅದೂ ಬಚ್ಚಲಿಗೆ ಹೋಗಿತ್ತು. ಅಷ್ಟು ವರ್ಷ ಅವರು ನನ್ನ ಕಲ್ಲುಹೂವನ್ನೇ ಪ್ರೀತಿಸುತ್ತಿದ್ದರೆಂದು ಗೊತ್ತಾದಾಗ ನನಗೆ ಅಳುವಿನ ನಡುವೆಯೂ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಮುದುಕಿ ಹೊಸ ಸೀರೆ ಉಟ್ಟು ಬಂದಳು. "ಹೆಂಗ್ ಹೊಳೀತಾಳೆ ನೋಡಿ ಮೇಡಮ್ಮೋರೆ. ಮುಖ ತೊಳೆಯೋಕೇ ಒಪ್ಪತ್ತು ಹಿಡೀತು. ಕೈ ಎಲ್ಲಾ ಉರೀತಾವೆ."

"ಯಾಕವ್ವ ಮುಟ್ಟಿದ್ರಿ? ಅವಳನ್ನ ಯಾವತ್ತೂ ಮುಟ್ತಿರ್ಲಿಲ್ವಲ್ಲ" ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅಮ್ಮ ಆಗೈತೆ ಅಂತ ಮುಟ್ತಿರ್ಲಿಲ್ಲ. ಅಮ್ಮ ಅಲ್ಲ, ಪಾಚಿ ಪೈಕಿ ಅಂತ ನೀವೇ ಹೇಳಿದ್ರಲ್ಲ, ಅದೇನೋ ಕನ್ನಡಿ ಹಿಡ್ಕೊಂಡು. ದಿಲ್ಲಿಯಿಂದ ನೆಂಟ್ರು ಬತ್ತಾರೆ ಅಂದ್ರೆ ಪಾಚಿ ಇಟ್ಕೊಂಡು ಕೂತ್ಕೋತಾರಾ ಯಾರಾದ್ರೂ?"

ನಾನು ಬರೆಯದ ಹಾಳೆಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ದೆಹಲಿಯವರು ಬರಲಿಲ್ಲ. ಹಳೇಬೀಡಿನಲ್ಲೇ ಹೊತ್ತಾಗಿ, ಊಟಕ್ಕೆ ಬೇಲೂರಿನಲ್ಲಿ ಹೇಳಿದ್ದಾರೆಂದು ಸೀದಾ ಆ ಕಡೆಗೇ ಹೋದರೆಂದು ಮೋಟರ್‌ಬೈಕಿನಲ್ಲಿ ಒಬ್ಬರು ಬಂದು ತಿಳಿಸಿದರು. ಅವರಿಗಾಗಿ ಕೆತ್ತಿಟ್ಟಿದ್ದ ಎಳನೀರನ್ನು ನಾವೇ ಕುಡಿದೆವು. ಪಂಡಿತರು ಗೋಡೆಗೆ ಬೆನ್ನು ಹಾಕಿ ಕೂತು ಕುಡಿದರು. ಅರ್ಥಶಾಸ್ತ್ರದವರೊಬ್ಬರೇ ಹುರುಪಿನಲ್ಲಿದ್ದರು. ಒಂದು ಪೈಸೆ ಖರ್ಚಿಲ್ಲದೆ ಸ್ಮಾರಕದ ನಿರ್ವಹಣೆ ಆಗಿದೆ, ಇದು ಮಾದರಿ ಎಂದು ಅಲ್ಲೇ ಹೇಳಿದರು. ಅಂತಿಮ ವರದಿಯಲ್ಲೂ ಅದನ್ನೇ ಬರೆದರು. ಆ ವರದಿಯಲ್ಲಿ ಯಾರಾದರೂ ನಂಬಬಹುದಾದ ಅಧ್ಯಾಯ ಅದೊಂದೇ ಎಂದು ಈಗಲೂ ನನ್ನ ಅಭಿಪ್ರಾಯ.

ಪಂಡಿತರು ತಮ್ಮ ನಗೆಯನ್ನು ಕೊನೆಯ ಸಲ ನೋಡಲು ಕಂಪ್ಯೂಟರ್ ಕೋಣೆಗೆ ಹೋಗಿದ್ದರು, ಬರಿಗಾಲಿನಲ್ಲಿ. ತೊಳೆಯುವ ಮುಂಚಿನ ಚಿತ್ರವನ್ನೂ ತೊಳೆದ ಮೇಲಿನ ಚಿತ್ರವನ್ನೂ ಮೇಷ್ಟರು ಪಕ್ಕಪಕ್ಕದಲ್ಲಿಟ್ಟು ತೋರಿಸಿದರಂತೆ. ಎರಡೂ ಒಂದೇ ಥರ ಇದ್ದವು. ಮುಂಚಿನದನ್ನು ಸಾಫ್ಟ್‌ವೇರು ಆಗಲೇ ತೊಳೆದಿತ್ತು.

ನನ್ನ ಗೈಡು ಫ್ಯಾನಿನ ಕೆಳಗೆ ಕೂತು ಎಲ್ಲ ಕೇಳಿ, ಕೊನೆಯ ವರ್ಷದ್ದು ಇಲ್ಲದೆ ಏನೂ ಹೇಳಲಾಗದು, ಬೇರೆ ಮಚ್ಚೆ ಹುಡುಕಿ ಮತ್ತೆ ಶುರುಮಾಡಿ ಎಂದರು. ಬಸ್ತಿಹಳ್ಳಿಯ ಬಸದಿಗಳ ಹಿಂಭಾಗಕ್ಕೆಲ್ಲ ಹೋಗಿ ಹುಡುಕಿದೆ. ಮಚ್ಚೆಗಳು ಬೇಕಾದಷ್ಟಿದ್ದವು. ನನಗೆ ಮತ್ತೆ ಅಷ್ಟು ವರ್ಷ ಇರಲಿಲ್ಲ. ನೋಂದಣಿ ರದ್ದಾಯಿತು. ಬಹಳ ದಿನ ಆ ಕಡೆಯ ಬಸ್ಸು ಕಂಡರೂ ಮುಖ ತಿರುಗಿಸುತ್ತಿದ್ದೆ. ಕೊನೆಗೆ ಹೊಸದಾಗಿ ನೋಂದಾಯಿಸಿಕೊಂಡು, ತೆಂಗಿನ ಗರಿಗೆ ಬರುವ ಎಲೆಚುಕ್ಕೆ ರೋಗದ ಮೇಲೆ ಪ್ರಬಂಧ ಬರೆದು ಡಾಕ್ಟರಾದೆ. ಚಿಕ್ಕಪ್ಪ ಮಂಡಿಯಲ್ಲಿ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದರು. ಕೊನೆಗೂ ದಾರಿಗೆ ಬಂದಳು ಎಂದರಂತೆ.

ಮತ್ತೆ ಆ ಊರಿಗೆ ಹೋದದ್ದು ಕೆಲವು ವರ್ಷಗಳಾದ ಮೇಲೆ, ಮೊಬೈಲು ಎಲ್ಲರ ಕೈಗೂ ಬಂದಿದ್ದ ಕಾಲಕ್ಕೆ. ಬಿಕ್ಕೋಡಿನಲ್ಲಿ ಒಂದು ಮದುವೆ ಮುಗಿಸಿ ಬೇಲೂರಿನ ಮೇಲೆ ವಾಪಸ್ಸು ಬರುತ್ತಿದ್ದೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಯಾಕೋ ಇಳಿದೆ, ಆಟೋ ಹಿಡಿದು ಹೋದೆ. ಹಬ್ಬದ ಮುಂಚಿನ ದಿನವಿರಬೇಕು, ಹೆಂಗಸರು ಗುಡಿಯ ಮುಂದೆ ಕೊಡಗಳನ್ನು ಇಟ್ಟುಕೊಂಡು ನಿಂತಿದ್ದರು. ತೆಂಗಿನ ನಾರು, ಬೋಗುಣಿಯಲ್ಲಿ ನೆನೆಸಿದ ಹುಣಸೆಹಣ್ಣು. ಮುದುಕಿ ಇನ್ನೂ ಇದ್ದಳು. ಸೊಂಟ ಬಾಗಿತ್ತು, ಬೀಗದ ಕೈ ಸೊಂಟದಲ್ಲೇ ಇತ್ತು.

"ಒಳ್ಳೆ ಹೊತ್ತಿಗ್ ಬಂದ್ರಿ ನೋಡಿ. ಡಾಕ್ಟ್ರಾದ್ರಂತೆ?"

ಹೌದೆಂದೆ. ಯಾವುದರಲ್ಲಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೈ ಹಿಡಿದುಕೊಂಡು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಮೂಗಿದ್ದ ತಗ್ಗಿನೊಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಹಾಗೆ, ಬೂದಿ ಬಣ್ಣದ ಒಂದು ಚುಕ್ಕೆ ಎದ್ದಿತ್ತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಎಷ್ಟು ಹೊತ್ತು ಬಗ್ಗಿ ನಿಂತಿದ್ದೆನೋ, ಹಿಂದೆ ಕೊಡಗಳ ಸದ್ದು ಕೇಳಿದಾಗ ಎಚ್ಚರವಾಯಿತು.

"ಅವತ್ತು ನೀವು ಅತ್ತಿದ್ದು ನೋಡಿ ನಮಗೂ ಒಂಥರಾ ಆಗಿತ್ತು" ಎಂದಳು ಮುದುಕಿ. "ಅದಕ್ಕೆ ಈ ಸಲ ಓದಿರೋರ್ನ ಕೇಳ್ದೆ ಕೈ ಹಾಕೋದ್ ಬ್ಯಾಡ ಅಂದೆ. ನೀವೇ ನೋಡಿ ಹೇಳಿ. ಇದು ಪಾಚಿನೋ, ಅಮ್ಮನೋ?"

ಹೆಂಗಸರೆಲ್ಲ ನಾರು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ನಾನು ಚೀಲದಲ್ಲಿ ಕೈಯಾಡಿಸಿದೆ, ಭೂತಗನ್ನಡಿ ಇರಲಿಲ್ಲ. ಒಳ್ಳೆಯದೇ ಆಯಿತು.

"ಅಮ್ಮ" ಎಂದೆ.

"ದಿಟವಾಗ್ಲೂ?"

"ದಿಟವಾಗ್ಲೂ. ಮುಖ ಮುಟ್ಟಬೇಡಿ. ಮೊಸರನ್ನ ಇಡಿ ಬೇಕಾದ್ರೆ. ಅರಿಶಿನದ ನೀರು ಮಾತ್ರ ಬೇಡ, ಈ ಅಮ್ಮನಿಗೆ ಅದು ಆಗಿಬರಲ್ಲ."

ಮುದುಕಿ ತಲೆಯಾಡಿಸಿ, ಅವಳೊಬ್ಬಳನ್ನು ಬಿಟ್ಟು ಮಿಕ್ಕಿದ್ದು ತೊಳೀರಿ ಎಂದು ಹೆಂಗಸರಿಗೆ ಹೇಳಿದಳು. ಅವರು ಆ ಪಕ್ಕದ ಗೋಡೆಗೆ ಹೋದರು. ಅವಳು ನನ್ನ ಹತ್ತಿರವೇ ನಿಂತು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನಗೆ ಮೊದ್ಲಿಂದ್ಲೂ ಗೊತ್ತಿತ್ತು" ಎಂದಳು. "ಅವತ್ತೇ ಹಿಂಗಂದಿದ್ರೆ ಯಾರು ಮುಟ್ತಿದ್ರು ಮೇಡಮ್ಮೋರೆ?"